ಬಾಯಾರಿದ ಬಟ್ಟಲು

ನದಿಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿನ ಗುರುಗಳು ಒಡೆದ ಕೈಕಾಲುಗಳಿಗೆ ಲೇಪ ಮಾಡಿ ಕೊಡುತ್ತಿದ್ದರು.

ಲೇಪದ ಕ್ರಮ ಒಂದೇ. ಗಿಡದ ಎಣ್ಣೆಯಿಂದ ತೆಗೆದ, ಪೇಟೆಯಿಂದ ಡಬ್ಬಿಯಲ್ಲಿ ಬರುವ ಗ್ಲಿಸರಿನ್ ಒಂದು ಚಮಚ. ಪನ್ನೀರು ಹತ್ತು ಚಮಚ. ಕೈ ತೊಳೆದು, ಒರೆಸದೆ, ಹಸಿ ಇರುವಾಗಲೇ ಹಚ್ಚಬೇಕು. ಅದರ ಮೇಲೆ ತೆಳ್ಳಗೆ ಕೊಬ್ಬರಿ ಎಣ್ಣೆ.

ಇದರಲ್ಲಿ ಅರ್ಧ ಚಮಚ ತಪ್ಪಿದರೂ ಗುರುಗಳು ಇಡೀ ಪಾತ್ರೆ ಚೆಲ್ಲಿಸುತ್ತಿದ್ದರು.

ಶಿಷ್ಯ ಅಡಿವೆಪ್ಪ ಮೂರು ವರ್ಷದಿಂದ ಅವರ ಪಕ್ಕ ಬಿಟ್ಟು ಕದಲಿರಲಿಲ್ಲ. ಅವರು ಕೂತಲ್ಲಿ ಕೂರುತ್ತಿದ್ದ, ನಡೆದಲ್ಲಿ ನಡೆಯುತ್ತಿದ್ದ. ಬೆಳಗಿನಿಂದ ಏನಾದರೂ ಕೇಳುತ್ತಲೇ ಇರುತ್ತಿದ್ದ. ಜೊತೆಯ ಶಿಷ್ಯ ಮುರಿಗೆಪ್ಪ ತನ್ನ ಚಾಪೆಯನ್ನು ಪಡಸಾಲೆಯ ಆ ತುದಿಗೆ ಎಳೆದುಕೊಂಡಿದ್ದ.

“ಯಾಕೋ ಅಷ್ಟು ದೂರ?” ಎಂದ ಅಡಿವೆಪ್ಪ.

“ನಿನ್ನ ಪಕ್ಕ ಕೂತರೆ ನನ್ನ ನಾಲಿಗೆ ಒಣಗುತ್ತದೆ ಮಾರಾಯ.”

ಅಡಿವೆಪ್ಪ ಅದನ್ನು ತಮಾಷೆ ಎಂದುಕೊಂಡ.

ಮಳೆಗಾಲದ ಒಂದು ದಿನ ಗುರುಗಳು ಅಗಲವಾದ ಗಾಜಿನ ಬಟ್ಟಲಿಗೆ ಬರೀ ಗ್ಲಿಸರಿನ್ ಹೊಯ್ದರು. ಅದು ನಿಂತ ಮಟ್ಟಕ್ಕೆ ಸರಿಯಾಗಿ ಬಟ್ಟಲಿನ ಸುತ್ತ ದಾರ ಕಟ್ಟಿದರು. ಮುಚ್ಚದೆ, ಕೋಣೆಯ ಗೋಡೆಯ ಗೂಡಿನಲ್ಲಿಟ್ಟರು.

“ಮುಟ್ಟಬೇಡ. ನೋಡುತ್ತಿರು.”

ಮೂರನೆಯ ದಿನ ಅದು ದಾರದ ಮೇಲೆ ಬಂದಿತ್ತು.

ಮಾಳಿಗೆ ಸೋರಿರಲಿಲ್ಲ. ಗೂಡಿನಲ್ಲಿ ಒಂದು ಹನಿ ತೇವವಿರಲಿಲ್ಲ. ಅಡಿವೆಪ್ಪ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಮೂರು ದಿನ ಬಿಟ್ಟು ತೆರೆದ.

ಇನ್ನಷ್ಟು ಮೇಲೆ ಬಂದಿತ್ತು. ಅಲುಗದೆ, ರೆಪ್ಪೆಯಿಲ್ಲದ ಕಣ್ಣಿನ ಹಾಗೆ ಅವನನ್ನೇ ನೋಡುತ್ತಿತ್ತು.

“ಗುರುಗಳೇ, ಇದಕ್ಕೆ ಯಾರು ಹೊಯ್ಯುತ್ತಿದ್ದಾರೆ?”

“ಯಾರೂ ಇಲ್ಲ. ಅದೇ ಕುಡಿಯುತ್ತಿದೆ.”

“ಏನನ್ನು?”

“ಗಾಳಿಯಲ್ಲಿರುವ ನೀರನ್ನು. ಈಗ ಅದರ ಮೇಲೆ ಬಗ್ಗಿ ಉಸಿರು ಬಿಟ್ಟೆಯಲ್ಲ, ಅದರಲ್ಲೂ ಒಂದಿಷ್ಟನ್ನು.”

ಅಡಿವೆಪ್ಪ ಒಂದು ಹೆಜ್ಜೆ ಹಿಂದೆ ಸರಿದ.

ಹೆದರಿಕೆ ಬಹಳ ದಿನ ಉಳಿಯಲಿಲ್ಲ. ಅದರ ಜಾಗಕ್ಕೆ ಒಂದು ಲೆಕ್ಕಾಚಾರ ಬಂತು. ಬರಿಗಾಳಿಯಿಂದ ನೀರು ತರುವ ವಸ್ತು ಇದು. ಇದಕ್ಕೆ ಹತ್ತು ಪಾಲು ಪನ್ನೀರು ಬೆರೆಸಿ ತೆಳು ಮಾಡುವುದೇಕೆ? ಗುರುಗಳದು ಕೈ ಬಿಗಿ. ಬೇರೇನಲ್ಲ.

ಹಾಗೆಂದು ಅವರನ್ನೇ ಕೇಳಬಹುದಿತ್ತು. ದಿನಕ್ಕೆ ನೂರು ಕೇಳುವವನು ಇದೊಂದನ್ನು ಕೇಳಲಿಲ್ಲ.

ಮಾಘ ಬಂತು. ಮೂಡಣ ಗಾಳಿ ಬೀಸತೊಡಗಿತು. ನದಿ ಕಲ್ಲುಗಳ ನಡುವೆ ಸಣ್ಣದಾಯಿತು. ಹಗ್ಗದ ಮೇಲೆ ಹಾಕಿದ ಪಂಚೆ ಹಪ್ಪಳದಂತೆ ಸೆಟೆದು ನಿಲ್ಲುತ್ತಿತ್ತು. ಗುರುಗಳ ಕೆಳತುಟಿ ನಡುವೆ ಸೀಳಿತು. ಪಡಸಾಲೆಯ ಆ ತುದಿಯಲ್ಲಿ ಮಲಗುವ ಮುರಿಗೆಪ್ಪನ ತುಟಿಗೆ ಏನೂ ಆಗಿರಲಿಲ್ಲ.

ಒಂದು ಬೆಳಿಗ್ಗೆ ಗುರುಗಳು ಸ್ನಾನಕ್ಕೆ ಹೋಗಿದ್ದಾಗ ಸೂಲಗಿತ್ತಿ ದ್ಯಾಮವ್ವ ಬಂದಳು. ಎರಡೂ ಅಂಗೈ ಚಾಚಿ ತೋರಿಸಿದಳು. ಬೆರಳಿನ ಗೆರೆಗೆರೆಯೂ ಬಿರುಕು ಬಿಟ್ಟಿತ್ತು.

“ಸೊಸಿಗೆ ಎಂಟು ದಿನದಾಗ ಹೆರಿಗಿ ಐತಿ ತಮ್ಮಾ. ಹಿಂದಿನ ಎರಡು ಕೂಸು ದಕ್ಕಿಲ್ಲ. ಈ ಒಡದ ಕೈಲೆ ಮೂರನೇದನ್ನ ಹೆಂಗ ಮುಟ್ಟಲಿ?”

“ಬೇರೆ ಸೂಲಗಿತ್ತಿ ಇಲ್ಲವೇನವ್ವ?”

“ಅದಾಳ, ನಾಕು ಹರದಾರಿ ಆಚೆ. ಆಕಿ ಬರೂತನಕ ಕೂಸು ಹೊಟ್ಟ್ಯಾಗ ಸುಮ್ನ ಕುಂತಿರತೈತಿ ಅಂತ ನೀ ಬರದುಕೊಡ್ತಿಯೇನು?”

ಅಡಿವೆಪ್ಪನಿಗೆ ಮರುಕ ಬಂತು. ಒಳಗೆ ಹೋಗಿ ಒಂದು ಸೀಸೆಯ ತುಂಬ ಬರೀ ಗ್ಲಿಸರಿನ್ ತಂದ.

“ಇದು ಅಸಲು. ಒಂದು ಹನಿ ನೀರು ಸೇರಿಸಿಲ್ಲ. ದಪ್ಪಗೆ ಹಚ್ಚಿಕೋ.”

“ಅಪ್ಪಾರು ಪನ್ನೀರು ಕೂಡಿಸಿ ಕೊಡ್ತಿದ್ರಲ್ಲೋ?”

“ಅವರು ಕೊಡುವುದಕ್ಕಿಂತ ಹೆಚ್ಚು ಕೊಡುತ್ತಿದ್ದೇನೆ. ತಗೋ.”

ದ್ಯಾಮವ್ವ ಅಲ್ಲೇ ಕೂತು ಒಣ ಕೈಗೆ ಸವರಿಕೊಂಡಳು. ಸ್ವಲ್ಪ ಹೊತ್ತು ಅಂಗೈಯನ್ನೇ ನೋಡುತ್ತಿದ್ದಳು.

“ಬೆಚ್ಚಗಾತು ನೋಡು. ಯಾರೋ ಬಂದು ಕೈ ಹಿಡಕೊಂಡಂಗ.”

ನಾಲ್ಕನೆಯ ದಿನ ಅವಳು ಮತ್ತೆ ಬಂದಳು. ಕೈಗೆ ಬಟ್ಟೆ ಸುತ್ತಿತ್ತು. ಬಿಚ್ಚಲು ಹೋದರೆ ಬಟ್ಟೆ ರಕ್ತಕ್ಕೆ ಅಂಟಿತ್ತು.

“ಹಚ್ಚಿದಷ್ಟೂ ಬಾಯಿ ಬಿಡತಾವ,” ಎಂದಳು.

ಗುರುಗಳು ಸೀಸೆಯನ್ನು ನೋಡಿದರು. ಅಡಿವೆಪ್ಪನನ್ನು ನೋಡಿದರು. ಬೈಯಲಿಲ್ಲ.

“ಒಂದು ಸೌತೆಕಾಯಿ ತಾ. ಒಂದು ಬಿಲ್ಲೆ ಕೊಯ್ದು ಕಲ್ಲಿನ ಮೇಲಿಡು. ಅವಳಿಗೆ ಕೊಟ್ಟದ್ದನ್ನೇ ಅದಕ್ಕೂ ಹಚ್ಚು. ಪಕ್ಕದಲ್ಲೇ ಕೂತು ನೋಡು.”

ತಾವು ದ್ಯಾಮವ್ವನ ಕೈ ತೊಳೆಯಲು ಕೂತರು.

ಅಡಿವೆಪ್ಪ ನೋಡಿದ. ಬಿಲ್ಲೆಯ ಮೇಲೆ ಸಣ್ಣ ಸಣ್ಣ ಹನಿ ಮೂಡಿದವು. ಹನಿಗಳು ಕೂಡಿಕೊಂಡವು.

“ಒದ್ದೆಯಾಗಿದೆ ಗುರುಗಳೇ. ಚೆನ್ನಾಗಿಯೇ ಒದ್ದೆಯಾಗಿದೆ.”

“ನೋಡುತ್ತಿರು.”

ಮಧ್ಯಾಹ್ನದ ಹೊತ್ತಿಗೆ ಬಿಲ್ಲೆಯ ಅಂಚು ಒಳಗೆ ಮಡಚಿತು. ನಡುವೆ ತಗ್ಗು ಬಿತ್ತು. ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡ ಹಾಗೆ ಅದು ಕುಗ್ಗಿ ಕೂತಿತು. ಮೇಲೆ ಮಾತ್ರ ಇನ್ನೂ ಹೊಳೆಯುತ್ತಿತ್ತು.

“ಆ ಹೊಳಪು ಎಲ್ಲಿಂದ ಬಂತು?” ಎಂದರು ಗುರುಗಳು.

ಅಡಿವೆಪ್ಪ ಬಿಲ್ಲೆಯನ್ನು ಬೆರಳಿನಿಂದ ಒತ್ತಿ ನೋಡಿದ.

“ಗಾಳಿಯಲ್ಲಿ ನೀರಿದ್ದರೆ ಅದು ಗಾಳಿಯಿಂದ ಕುಡಿಯುತ್ತದೆ. ಗಾಳಿ ಒಣಗಿದರೆ ಸುಮ್ಮನಿರುವುದಿಲ್ಲ. ತನ್ನನ್ನು ಯಾರು ಮೈಗೆ ಹಚ್ಚಿಕೊಂಡಿದ್ದಾರೋ ಅವರ ಒಳಗಿಂದ ತೆಗೆಯುತ್ತದೆ.”

“ಹಾಗಾದರೆ ಅದು ಕೆಟ್ಟದ್ದೇ? ಡಬ್ಬಿಯನ್ನು ಹೊಳೆಗೆ ಸುರಿದು ಬರಲೆ?”

“ಕೆಟ್ಟದ್ದಲ್ಲ. ಅದಕ್ಕೆ ಬಾಯಾರಿಕೆ. ಅದಕ್ಕೇ ಹತ್ತು ಪಾಲು ಕುಡಿಸಿದ ಮೇಲೆ ಇನ್ನೊಬ್ಬರ ಮೈಗೆ ಬಿಡುವುದು.”

ಆಮೇಲೆ ಒಂದು ಮಾತು ಹೇಳಿದರು.

“ಹೆರಿಗೆಗೆ ಇನ್ನು ನಾಲ್ಕು ದಿನ ಇದೆ. ದಿನಕ್ಕೆ ಐದು ಸಲ ಅವಳ ಮನೆಗೆ ಹೋಗು. ಕೈ ತೊಳೆ, ಒರೆಸಬೇಡ, ಹಚ್ಚು, ಎಣ್ಣೆ ಸವರು. ಪ್ರಶ್ನೆ ಕೇಳಬೇಡ.”

ಅಡಿವೆಪ್ಪ ಹೋದ. ಇಪ್ಪತ್ತು ಸಲ ಹೋದ, ಇಪ್ಪತ್ತು ಸಲ ಬಂದ. ಒಂದು ಹೊತ್ತೂ ತಪ್ಪಿಸಲಿಲ್ಲ. ತೊಳೆಯುವಾಗ ಪ್ರತಿ ಬಿರುಕೂ ಅವನನ್ನು ನೋಡಿ ಬಾಯಿ ತೆರೆದಂತೆ ಕಾಣುತ್ತಿತ್ತು. ಬಾಗಿಲ ಆಚೆ ತುಂಬು ಬಸುರಿ ಸೊಸೆಯ ಉಸಿರು ಕೇಳುತ್ತಿತ್ತು.

ಒಂಬತ್ತನೆಯ ದಿನ ನಡುಹಗಲು ದ್ಯಾಮವ್ವ ಆಶ್ರಮಕ್ಕೆ ಬಂದಳು. ಅಂಗೈ ತೋರಿಸಿದಳು. ಬಿರುಕಿದ್ದ ಕಡೆ ಎಳೆಗೆಂಪು ಗೆರೆಗಳಷ್ಟೇ ಇದ್ದವು.

“ಹೆಣ್ಣು ಕೂಸು ಅಪ್ಪಾರ. ಜೀವ ಗಟ್ಟಿ ಐತಿ. ಹುಟ್ಟಿದಾಗಿಂದ ಬಾಯಿ ಮುಚ್ಚಿಲ್ಲ.” ಅಡಿವೆಪ್ಪನ ಕಡೆ ತಿರುಗಿದಳು. “ನಿನ್ನ ಕಾಲ್ಗುಣ ಇರಬೇಕು.”

ಗುರುಗಳು ನಕ್ಕರು. ನಕ್ಕದ್ದಕ್ಕೆ ತುಟಿ ಮತ್ತೆ ಸೀಳಿ ಒಂದು ಹನಿ ರಕ್ತ ಮೂಡಿತು.

ದ್ಯಾಮವ್ವ ಹೋದ ಮೇಲೆ ಅಡಿವೆಪ್ಪ ಎಂದಿನಂತೆ ಗುರುಗಳಿಗೆ ಒತ್ತಿಕೊಂಡು ಕೂತ. ಗಾಳಿ ನಿಂತಿತ್ತು. ಗೂಡಿನಲ್ಲಿ ಬಟ್ಟಲು ಹಾಗೇ ಇತ್ತು. ಅದರ ಮಟ್ಟ ಈಗ ದಾರದ ಹತ್ತಿರಕ್ಕೆ ಇಳಿದಿತ್ತು.

“ನಾನು ಕರುಣೆಯಿಂದಲೇ ಕೊಟ್ಟೆ ಗುರುಗಳೇ.”

“ಗೊತ್ತು.”

“ನಿಮಗಿಂತ ಹೆಚ್ಚು ಕೊಡಬೇಕು ಅಂತ ಕೊಟ್ಟೆ.”

“ಅದೂ ಗೊತ್ತು.”

ಅಡಿವೆಪ್ಪ ಬಟ್ಟಲಿನ ಕಡೆ ನೋಡಿದ.

“ಕೊಡುತ್ತಿದ್ದೇನೆ ಅಂದುಕೊಂಡೇ ತೆಗೆದುಕೊಳ್ಳುತ್ತಿದ್ದರೆ, ಅದು ನನಗೆ ತಿಳಿಯುವುದು ಹೇಗೆ?”

ಗುರುಗಳು ಅಂಗವಸ್ತ್ರದ ತುದಿಯಿಂದ ತುಟಿಯ ರಕ್ತ ಒರೆಸಿಕೊಂಡರು.

“ನಿನ್ನ ಪಕ್ಕದಲ್ಲಿ ಕೂತವರ ತುಟಿ ನೋಡು.”