ಇಪ್ಪತ್ತನಾಲ್ಕಕ್ಕೆ ಒಂದು ಕಡಿಮೆ

“ಮಾತು ಮುಗಿಯುವ ಮೊದಲೇ ಮತ್ತೆ ಬಾಯಿ ಹಾಕಿದೆಯಲ್ಲ, ನಾಗವೇಣಿ. ಇವತ್ತಿಗೆ ಇದು ಮೂರನೆಯ ಸಲ,” ಎಂದರು ಸ್ವಾಮಿಗಳು.

ಸೋಮವಾರ ಸೋಮವಾರ ಮಠಕ್ಕೆ ಬರುವ ಆ ಶಿಷ್ಯೆ ಸುಮ್ಮನಾಗಲಿಲ್ಲ. “ನೀವು ಮುಗಿಸುವುದರೊಳಗೆ ನನ್ನ ಮಗನ ಪರೀಕ್ಷೆಯೇ ಮುಗಿದುಹೋಗುತ್ತದೆ, ಬುದ್ಧಿ. ತರಗತಿಯ ಸರಾಸರಿ ಅರವತ್ತು, ಇವನದು ಐವತ್ತೆಂಟು. ಹೊಡೆದು ಬಡಿದಾದರೂ ಆ ಎರಡು ಅಂಕ ಮೇಲೆತ್ತುವುದು ತಾಯಿಯ ಧರ್ಮವೋ, ಅಲ್ಲವೋ? ಅಷ್ಟು ಹೇಳಿಬಿಡಿ.”

ಸ್ವಾಮಿಗಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ತಂದೆಯಿದ್ದ. ಅವನ ಮಗ ಕ್ರಿಕೆಟ್ ಲೀಗಿನಲ್ಲಿ ಬ್ಯಾಟ್ಸ್‌ಮನ್. ಹೊಡೆದ ಒಟ್ಟು ರನ್ನುಗಳನ್ನು ಔಟಾದ ಸಲಗಳಿಂದ ಭಾಗಿಸಿದರೆ ಸರಾಸರಿ ಬರುತ್ತದೆ. ಲೀಗಿನ ಎಲ್ಲರ ಸರಾಸರಿ ಇಪ್ಪತ್ತನಾಲ್ಕು. ಮಗನದು ಇಪ್ಪತ್ತಮೂರು. ಇಪ್ಪತ್ತನಾಲ್ಕು ದಾಟಿದವರನ್ನು ಮಾತ್ರ ಜಿಲ್ಲಾ ತಂಡಕ್ಕೆ ಕರೆಯುತ್ತಿದ್ದರು. ತಂದೆ ಆ ಎರಡು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಮಗನ ಊಟದ ತಟ್ಟೆಯ ಪಕ್ಕದಲ್ಲಿ ಇಡುತ್ತಿದ್ದ. ಮನೆಗೆ ಯಾರಾದರೂ ಬಂದರೆ, “ಬನ್ನಿ, ನಮ್ಮ ಇಪ್ಪತ್ತಮೂರನ್ನು ನೋಡಿ,” ಎನ್ನುತ್ತಿದ್ದ. ಬಂದವರು ನಗುತ್ತಿದ್ದರು. ಮಗನೂ ನಗುತ್ತಿದ್ದ.

ಕೊನೆಯ ಪಂದ್ಯ ಬಂತು. “ನಲವತ್ತನಾಲ್ಕು ಹೊಡೆ. ಆಮೇಲೆ ಔಟಾದರೂ ನೀನು ಮೇಲೆ,” ಎಂದ ತಂದೆ.

ಮಗ ಮೂವತ್ತೆಂಟು ಹೊಡೆದ. ಆಗ ಒಂದು ಚೆಂಡು ಪುಟಿದು ಬಂದು, ಹೆಲ್ಮೆಟ್ಟಿನ ಕೆಳಗೆ, ಕಿವಿಯ ಹಿಂದೆ ಬಡಿಯಿತು. ಅಂಪೈರ್ ಆಟ ನಿಲ್ಲಿಸಿದ. ಮಗ, ತಂದೆ ಕುಳಿತಿದ್ದ ಮೈದಾನದಂಚಿನ ಗೆರೆಯವರೆಗೆ ನಡೆದು ಬಂದ.

“ಅಪ್ಪಾ, ಕಣ್ಣಿಗೆ ಎರಡೆರಡು ಕಾಣುತ್ತಿದೆ. ಬಂದುಬಿಡಲೇ?”

“ಎರಡು ಕಂಡರೆ ಎರಡನ್ನೂ ಹೊಡೆ. ಇನ್ನು ಆರೇ ರನ್. ಈಗ ಬಂದರೆ ಜನ್ಮವಿಡೀ ಎಲ್ಲರಿಗಿಂತ ಕೆಳಗೆ.”

ಮಗ ತಿರುಗಿ ಹೋದ. ಅಂಪೈರ್ ಕೇಳಿದಾಗ ಏನೂ ಆಗಿಲ್ಲ ಎಂದ. ಮುಂದಿನ ಚೆಂಡು ಅವನಿಗೆ ಕಾಣಲೇ ಇಲ್ಲ. ಅದೂ ಅದೇ ಜಾಗಕ್ಕೆ ಬಡಿಯಿತು. ನಾಲ್ವರು ಅವನನ್ನು ಹೊತ್ತು ತಂದರು. ಆಸ್ಪತ್ರೆ ಸೇರುವ ಮೊದಲೇ ಜೀವ ಹೋಗಿತ್ತು.

ಹನ್ನೊಂದನೆಯ ದಿನ, ಲೀಗಿನಲ್ಲಿ ಸ್ಕೋರ್ ಬರೆಯುವವನು ಸಂತಾಪ ಹೇಳಲು ಮನೆಗೆ ಬಂದ. ತಂದೆ ಅವನನ್ನು ಕೂರು ಎನ್ನಲಿಲ್ಲ. “ಸರಾಸರಿ ಎಷ್ಟಕ್ಕೆ ನಿಂತಿತು?” ಎಂದ.

“ಇಪ್ಪತ್ತೈದಕ್ಕೆ,” ಎಂದ ಅವನು. “ಪೆಟ್ಟು ತಿಂದು ಹೊರಗೆ ಬಂದವನನ್ನು ಔಟೆಂದು ಎಣಿಸುವುದಿಲ್ಲ, ಯಜಮಾನರೇ. ಮೊದಲ ಪೆಟ್ಟಿಗೇ ಬಂದಿದ್ದರೂ ಇಪ್ಪತ್ತೈದೇ ಆಗುತ್ತಿತ್ತು.”

ಸ್ವಾಮಿಗಳು ಕತೆಯನ್ನು ಅಲ್ಲಿಗೆ ಬಿಟ್ಟರು.

“ಮೂರ್ಖ! ಆ ತಂದೆಗೆ ನಿಯಮವೇ ಗೊತ್ತಿರಲಿಲ್ಲ,” ಎಂದಳು ನಾಗವೇಣಿ. “ನಾನು ಹಾಗಲ್ಲ, ಬುದ್ಧಿ. ನನ್ನ ಮಗನ ಒಂದೊಂದು ವಿಷಯದ ಒಂದೊಂದು ಅಂಕವೂ ನನಗೆ ಬಾಯಿಪಾಠ.”

ಸ್ವಾಮಿಗಳು ಕೇಳಿದರು: “ನಿನ್ನ ಮಗನಿಗೆ ಎಲ್ಲಿ ನೋಯುತ್ತದೆ, ತಾಯಿ?”