ಟಿಟ್ಟಿಭದ ಶಾಲೆ

ಹೇಂಟೆಯ ಮರಿಯೊಂದು ತಪ್ಪಿಸಿಕೊಂಡು ಹೋಗಿ, ಹಿತ್ತಲಾಚೆಯ ಬಯಲಿನಲ್ಲಿ ಟಿಟ್ಟಿಭ ಹಕ್ಕಿಯ ಮರಿಗಳ ಜೊತೆ ಪಾಠಕ್ಕೆ ಸೇರಿಕೊಂಡಿತು. ಹುಡುಕುತ್ತ ಬಂದ ಹೇಂಟೆ ಬೇಲಿಯ ಹತ್ತಿರ ನಿಂತು ನೋಡಿದರೆ, ಮರಿಗಳೆಲ್ಲ ಕಲ್ಲುಗಳ ನಡುವೆ ಮಿಸುಕದೆ ಮಲಗಿದ್ದವು.

“ಇದೇನಮ್ಮ, ಶಾಲೆಯೋ ಸೋಮಾರಿಕಟ್ಟೆಯೋ?” ಎಂದಿತು ಹೇಂಟೆ. “ನಮ್ಮಲ್ಲಿ ಕರೆದ ಕೂಡಲೇ ಓಡಿಬಂದು ರೆಕ್ಕೆಯಡಿ ಸೇರುವುದೇ ವಿದ್ಯೆ.”

“ನಿಮ್ಮ ಹಿತ್ತಲಿಗೆ ಅದು ಸರಿ, ಅಕ್ಕ,” ಎಂದಿತು ಪಾಠ ಹೇಳುತ್ತಿದ್ದ ತಾಯಿ ಟಿಟ್ಟಿಭ. “ಬಾತುಕೋಳಿ ತನ್ನ ಮಕ್ಕಳನ್ನು ನೀರಿಗಿಳಿಸುತ್ತದೆ. ಬಯಲಿನವರಾದ ನಾವು ಮಲಗುವುದನ್ನು ಕಲಿಸುತ್ತೇವೆ.”

“ಮಲಗುವುದಕ್ಕೂ ಗುರು ಬೇಕೇ!” ಎಂದು ಹೇಂಟೆ ನಕ್ಕಿತು.

ಅಷ್ಟರಲ್ಲಿ ಹದ್ದಿನ ನೆರಳು ಬಯಲ ಮೇಲೆ ಹಾಯಿತು. ಟಿಟ್ಟಿಭ ಚೀರುತ್ತ ಮೇಲೆ ಹಾರಿತು. ಹೇಂಟೆಯ ಬಾಯಿಗೆ ಕರೆ ಬಂದೇ ಬಿಟ್ಟಿತ್ತು. ಆದರೆ ಮರಿ ದೂರದಲ್ಲಿತ್ತು. ಕರೆದರೆ ಎದ್ದು ಓಡುತ್ತದೆ, ಓಡಿದರೆ ಹದ್ದಿನ ಕಣ್ಣಿಗೆ ಬೀಳುತ್ತದೆ. ಹುಟ್ಟಿದಾಗಿನಿಂದ ಸುಮ್ಮನಿದ್ದು ಗೊತ್ತಿಲ್ಲದ ಹೇಂಟೆ ಕೊಕ್ಕು ಬಿಗಿಹಿಡಿದು ಬೇಲಿಯ ಬುಡದಲ್ಲಿ ಮುದುಡಿ ಕೂತಿತು.

ಹದ್ದು ತೀರ ಕೆಳಗಿಳಿದು ಕಲ್ಲುಗಳ ಮೇಲೆ ಸುತ್ತು ಹಾಕಿತು. ಏನೂ ಕಾಣದೆ ಕೆರೆಯ ಕಡೆ ಹೊರಟುಹೋಯಿತು.

“ಬಾರೋ ಮಗನೇ!” ಎಂದು ಹೇಂಟೆ ಕೂಗಿತು. ಮರಿ ಅಲ್ಲಾಡಲಿಲ್ಲ. ಮತ್ತೆ ಕೂಗಿತು. ಆಗಲೂ ಇಲ್ಲ.

“ಈ ಶಾಲೆ ಬಿಡುವುದು ನಾನು ಹೇಳಿದಾಗ, ಅಕ್ಕ,” ಎಂದಿತು ಕೆಳಗಿಳಿದು ಬಂದ ಟಿಟ್ಟಿಭ, ಆಕಾಶದಿಂದ ಕಣ್ಣು ತೆಗೆಯದೆ.

ಶಾಲೆ ಬಿಡುವ ತನಕ ಹೇಂಟೆ ಬೇಲಿಯ ಹತ್ತಿರ ಕಾದು ನಿಂತಿತು.