ಅಡ್ಡ ಬಂದ ದನಿ

ಹೊಳೆದಂಡೆಯ ಮಠದಲ್ಲಿ ರೇವಣಯ್ಯ ಅಜ್ಜಾರು ಸಂಜೆ ತತ್ವಪದ ಹಾಡುತ್ತಿದ್ದರು. ಶಿಷ್ಯರು ಸುತ್ತ ದುಂಡಗೆ ಕೂರುತ್ತಿದ್ದರು.

ಅಲ್ಲಿ ಹಾಡಿಗೆ ಒಂದು ಕಟ್ಟಳೆ ಇತ್ತು. ಅಜ್ಜಾರು ಒಂದು ಸಾಲು ಹಾಡಿ ನಿಲ್ಲಬೇಕು. ಅವರ ಬೆನ್ನ ಹಿಂದೆ ಕೂತ ನೀಲವ್ವ ಆ ಸಾಲನ್ನು ಎತ್ತಿಕೊಂಡು ಮರಳಿ ಹಾಡಬೇಕು. ಅವಳ ದನಿ ಕಿವಿಗೆ ಬಿದ್ದ ಮೇಲೆಯೇ ಅಜ್ಜಾರು ಮುಂದಿನ ಸಾಲಿಗೆ ಹೋಗುವುದು. ಇಬ್ಬರ ತಲೆ ಹಣ್ಣಾಗುವವರೆಗೂ ಹೀಗೇ ನಡೆದಿತ್ತು.

ನೀಲವ್ವನಿಗೆ ಎದೆಬೇನೆ ಹತ್ತಿದಾಗ ಶಿವಪುತ್ರನಿಗೆ ದಿಗಿಲಾಯಿತು. ಶಿಷ್ಯರಲ್ಲಿ ಕಂಪ್ಯೂಟರ್ ಬಲ್ಲವನು ಅವನೇ. ಈ ಹಾಡು ಇವರ ಸಂಗಡವೇ ಮಣ್ಣಾದರೆ ಗತಿಯೇನೆಂದು ಅಜ್ಜಾರನ್ನು ಒಪ್ಪಿಸಿ, ಸುತ್ತಲೂ ಮೈಕು ಇಟ್ಟು ಒಂದು ಸಂಜೆಯ ಹಾಡನ್ನೆಲ್ಲ ರೆಕಾರ್ಡ್ ಮಾಡಿಕೊಂಡ. ನನ್ನ ಕೆಮ್ಮೂ ಅದರಲ್ಲಿ ಸೇರಿರಬೇಕು ನೋಡು ಎಂದು ನೀಲವ್ವ ನಕ್ಕಳು.

ಆ ಫೈಲಿನಲ್ಲಿ ಆರು ಚಾನೆಲ್ ಇದ್ದವು. ಆರು ಗಡಿಗೆ ನೀರನ್ನು ಒಂದೇ ಬಂಡಿಯಲ್ಲಿ ಹೇರಿದ ಹಾಗೆ, ಮುಂದಿನ ದನಿ, ಪಕ್ಕದ ದನಿ, ಹಿಂದಿನ ದನಿ ಎಲ್ಲ ಬೇರೆ ಬೇರೆಯಾಗಿಯೇ ಕೂತಿದ್ದವು. ಹಾಡಿಗೆ ಬಾರಿಸುವ ಡಗ್ಗಾದ ಗುಡುಗಿಗೇ ಒಂದು ಚಾನೆಲ್. ಸುತ್ತ ಸ್ಪೀಕರ್ ಇಟ್ಟು ಹಚ್ಚಿದರೆ ಅಜ್ಜಾರು ಮುಂದೆ, ನೀಲವ್ವ ಹಿಂದೆ.

ಆದರೆ ಊರೂರಿನ ಭಕ್ತರ ಫೋನಿನಲ್ಲಿ ಅದು ತೆರೆಯಲಿಲ್ಲ. ಎಲ್ಲರಿಗೂ ಕೇಳಿಸುವ ಹಾಗೆ ಮಾಡಿಕೊಡು ಎಂದು ದುಂಬಾಲು ಬಿದ್ದರು. ಶಿವಪುತ್ರ ಆರನ್ನೂ ಎರಡಕ್ಕೆ ಇಳಿಸಲು ಕೂತ.

ಇಳಿಸುವಾಗ ನೀಲವ್ವನ ಕೆಮ್ಮು, ಏದುಸಿರು ಅಜ್ಜಾರ ದನಿಯ ಮೇಲೆ ಬಂದು ಬೀಳತೊಡಗಿದವು. ಅವನಿಗೆ ಸಹಿಸಲಾಗಲಿಲ್ಲ, ಗುರುವೆಂದರೆ ಅವನಿಗೆ ಪ್ರಾಣ. ಹಿಂದಿನ ಎರಡು ಚಾನೆಲ್‌ಗಳ ದನಿಯನ್ನು ಪೂರ್ತಿ ಅಡಗಿಸಿಬಿಟ್ಟ. ಭಕ್ತಿಗೆ ಕಣ್ಣಿಲ್ಲ ಅನ್ನುತ್ತಾರೆ. ಇವನ ಭಕ್ತಿಗೆ ಕಿವಿಯೂ ಇರಲಿಲ್ಲ. ಸಾಲು ಸಾಲಿನ ನಡುವೆ ಉಳಿದ ಬಿಡುವನ್ನೂ ಕತ್ತರಿಸಿ, ಸಾಲಿಗೆ ಸಾಲು ಕೂಡಿಸಿದ. ಇಷ್ಟು ಚೆನ್ನಾಗಿ ಬಂದ ಮೇಲೆ ಜಾಗ ತಿನ್ನುವ ಆ ದೊಡ್ಡ ಫೈಲು ಇನ್ನೇಕೆಂದು ಅದನ್ನು ಅಳಿಸಿಯೂ ಹಾಕಿದ.

ಅಜ್ಜಾರು ಒಂದೇ ಉಸಿರಿನಲ್ಲಿ ಹಾಡಿದಂತಿದೆ ಎಂದು ಭಕ್ತರು ಕೊಂಡಾಡಿದರು.

ಆ ಚಳಿಗಾಲ ನೀಲವ್ವ ತೀರಿಕೊಂಡಳು.

ಮಣ್ಣಿಗೆ ಬರಲಾಗದಿದ್ದ ಅವಳ ತಂಗಿ ಕಾಶವ್ವ ಆಮೇಲೊಂದು ದಿನ ಮಠಕ್ಕೆ ಬಂದಳು. ಮುಖವಂತೂ ಸಿಗಲಿಲ್ಲ, ಅಕ್ಕನ ದನಿಯನ್ನಾದರೂ ಕೇಳಿ ಹೋಗುತ್ತೇನೆ ಎಂದಳು. ಅದನ್ನು ಇನ್ನೂ ಕೇಳಿರದ ಅಜ್ಜಾರೂ ಬಂದು ಪಕ್ಕದಲ್ಲಿ ಕೂತರು. ಶಿವಪುತ್ರ ಹಾಡು ಹಚ್ಚಿದ.

ಕಾಶವ್ವ ತಲೆ ತಗ್ಗಿಸಿಕೊಂಡು ಕಾದಳು. ಈಗ ಬಂದೀತು, ಈಗ ಬಂದೀತು ಎಂದು ಕಾದಳು. ಹಾಡು ಮುಗಿದುಹೋಯಿತು.

“ಅಜ್ಜಾರ ದನಿ ಭಾಳ ಚಲೋ ಬಂದೈತಪ್ಪ,” ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, ಅಜ್ಜಾರ ಕಾಲು ಮುಟ್ಟಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಶಿವಪುತ್ರನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ನೀಲವ್ವ ಎಲ್ಲಿ?” ಎಂದು ಕೇಳಿದರು ಅಜ್ಜಾರು.

ಅವನು ಮಾಡಿದ್ದನ್ನೆಲ್ಲ ಒಪ್ಪಿಕೊಂಡ. ಇನ್ನು ಅವಳ ದನಿಯನ್ನು ಎಲ್ಲಿಂದಲೂ ತರಲು ಬರುವುದಿಲ್ಲವೆಂದೂ ಹೇಳಿದ.

“ಯಾಕ ತಗದಿ?”

“ನಿಮ್ಮ ದನಿಗೆ ಅಡ್ಡ ಬರತಿತ್ರಿ, ಅಜ್ಜಾರ.”

ಅಜ್ಜಾರು ಬೈಯಲಿಲ್ಲ. ಅಂದಿನ ಸಂಜೆ ಹಾಡಿಗೆ ಕೂತಾಗ ತಮ್ಮ ಜಾಗದಲ್ಲಿ ಅವನನ್ನು ಕೂರಿಸಿದರು. ತಾವು ಅವನ ಬೆನ್ನ ಹಿಂದೆ ಹೋಗಿ ನೀಲವ್ವನ ಚಾಪೆಯ ಮೇಲೆ ಕೂತರು. ಸುತ್ತಲಿನವರು ಮುಖ ಮುಖ ನೋಡಿಕೊಂಡರು.

“ಹಾಡು,” ಎಂದರು.

ಶಿವಪುತ್ರ ಮೊದಲ ಸಾಲು ಹಾಡಿ ನಿಂತ. ಹಿಂದಿನಿಂದ ದನಿ ಬರಲಿಲ್ಲ.

ಕಾದ. ಅದೇ ಸಾಲನ್ನು ಮತ್ತೆ ಹಾಡಿದ.

ಗುರುವಿನ ಉಸಿರು ಬೆನ್ನಿಗೆ ತಾಗುವಷ್ಟು ಹತ್ತಿರದಲ್ಲಿತ್ತು, ಆದರೆ ಸಾಲನ್ನು ಎತ್ತಿಕೊಳ್ಳುವವರಿರಲಿಲ್ಲ. ಮುಂದಿನ ಸಾಲು ಅವನಿಗೆ ಬಾಯಿಪಾಠವಾಗಿತ್ತು. ಆದರೂ ಕಟ್ಟಳೆ ಮುರಿದು ಅದನ್ನು ಹಾಡಲು ಅವನಿಂದ ಆಗಲಿಲ್ಲ. ಅಷ್ಟು ಜನರ ನಡುವೆ ಅವನಿಗೆ ಒಬ್ಬಂಟಿಯೆನಿಸಿ ಅಳು ಬಂತು.

ಕೊನೆಗೆ ತಿರುಗಿ ಕೈ ಮುಗಿದ.

“ಹಿಂದ ಯಾರೂ ಎತ್ತಿಕೊಳ್ಳದಿದ್ರ ಮುಂದಿನ ಸಾಲು ಹೆಂಗ ಹಾಡ್ಲಿರಿ, ಅಜ್ಜಾರ?”

“ನಿನ್ನ ಫೈಲಿನ್ಯಾಗ ನನ್ನ ದನಿಯಾಂವ ಒಬ್ಬ ಅದಾನಲ್ಲ,” ಎಂದರು ಅಜ್ಜಾರು. “ಅವನ್ನ ಕೇಳು. ಅಂವ ಒಬ್ಬನಽ ಹಾಡ್ಯಾನ.”